ದಫ್ತರದ ಗಂಟು ಬಿಚ್ಚಿದವರು

ನಮ್ಮ ಅಜ್ಜಿಯ ಹೆಸರು 'ಅವ್ವ' ಎಂದು ಮುಗಿಯುತ್ತಿತ್ತು. ಎರಿ ಹೊಲದ ಉತಾರ ಮೊದಲ ಸಲ ಕಂಪ್ಯೂಟರಿನಿಂದ ಅಚ್ಚಾಗಿ ಬಂದಾಗ ಅದು 'ಅಪ್ಪ' ಎಂದು ಮುಗಿದಿತ್ತು. ಬೆಳೆಸಾಲಕ್ಕೆಂದು ಅಜ್ಜಿ ಆ ಹಾಳೆ ಹಿಡಿದು ಸೊಸೈಟಿಗೆ ಹೋದರೆ ಗುಮಾಸ್ತರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಯವ್ವಾ, ಈ ಹೊಲ ಯಾರೋ ಗಣಮಗನ ಹೆಸರಿಲೆ ಐತಿ. ನಿನಗ ಹೆಂಗ ಸಾಲ ಕೊಡೂದು?" ಅಜ್ಜಿ ಅಂದದ್ದು ಇಷ್ಟು: "ಹೊಲ ಅದ ಐತಿ, ನಾನೂ ಅಕೀನ ಅದೀನಿ. ಬದಲಾಗಿದ್ದು ಹಾಳಿ ಅಷ್ಟ ಅಲ್ಲೇನಪಾ?"

ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಅಂಥ ತಪ್ಪು ಆ ದಿನಗಳಲ್ಲಿ ರಾಜ್ಯದ ಅನೇಕ ಕಡೆ ಆಗಿತ್ತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದನ್ನು ತಿದ್ದಿದ ರೀತಿ. ಕಚೇರಿಯಲ್ಲಿ ವಯಸ್ಸಾದ ತಲಾಠಿಯೊಬ್ಬರಿದ್ದರು. ಕಪಾಟಿನಿಂದ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರ ತಂದು ನೆಲದ ಮೇಲೆ ಇಟ್ಟು, ತಾವೂ ನೆಲಕ್ಕೇ ಕೂತು ಗಂಟು ಬಿಚ್ಚಿದರು. ಧೂಳಿಗೆ ಕೆಮ್ಮುತ್ತ ಹಾಳೆ ತಿರುವಿದರು. ಸರ್ವೆ ನಂಬರು ಸಿಕ್ಕಿತು. ನೀಲಿ ಶಾಯಿಯಲ್ಲಿ ಅಜ್ಜಿಯ ಹೆಸರು, ಕೊನೆಗೆ ಸ್ಪಷ್ಟವಾದ 'ವ್ವ'. "ಇದು ನನ್ನ ಕೈಬರಹನ ನೋಡಬೇ" ಎಂದು ಬೆರಳಿಟ್ಟು ತೋರಿಸಿದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಅಕ್ಷರದ ಮೇಲೆ ತಾನೂ ಬೆರಳಾಡಿಸಿದಳು. ಅಲ್ಲಿಂದ ವರದಿ, ಸಹಿ, ಆದೇಶ ಎಲ್ಲ ಮುಗಿದು ಹೊಸ ಉತಾರ ಕೈಗೆ ಬರುವಷ್ಟರಲ್ಲಿ ಒಂದು ಮುಂಗಾರು ಕಳೆದಿತ್ತು. ಆ ವರ್ಷದ ಹೆಸರುಕಾಳಿನ ಬಿತ್ತನೆಗೆ ಕೈಗಡವೇ ಗತಿಯಾಯಿತು.

ಸರ್ಕಾರಿ ವ್ಯವಸ್ಥೆಯನ್ನು ಬದಲಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ನೆಲದ ಮೇಲೆ ಕೂತ ತಲಾಠಿ ನೆನಪಾಗುತ್ತಾರೆ. ಹೊಸ ಯಂತ್ರ ಬಂದಿತ್ತು, ಹೊಸ ನಿಯಮ ಬಂದಿತ್ತು. ತಪ್ಪು ತಿದ್ದಲು ಮಾತ್ರ ಹಳೆಯ ಕೈ, ಹಳೆಯ ನೆನಪು ಬೇಕಾಯಿತು. ನಮ್ಮ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ನೆಲ ಈ ವಿಷಯವನ್ನು ನಮಗೆ ಬೇರೆ ಬೇರೆ ರೀತಿಯಲ್ಲಿ, ಒಮ್ಮೆ ರಕ್ತ ಹರಿಸಿ ಕೂಡ, ಕಲಿಸಿದೆ.

ಮೊದಲು ನರಗುಂದದ ಮಾತು. ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟಾಗ ನರಗುಂದ, ನವಲಗುಂದದ ರೈತರು ಹಿಗ್ಗಿದರು. ಜೋಳ, ಕಡಲೆಯ ಹೊಲಗಳಲ್ಲಿ ವರಲಕ್ಷ್ಮಿ ಹತ್ತಿ ಬಂತು. ಹಿಂದೆಯೇ ಸರ್ಕಾರದ ನೋಟಿಸೂ ಬಂತು: ನೀರಿನಿಂದ ನಿಮ್ಮ ಭೂಮಿಯ ಬೆಲೆ ಹೆಚ್ಚಿದೆ, ಅದಕ್ಕೆ ಅಭಿವೃದ್ಧಿ ಕರ ಕೊಡಿ. ಕಾಗದದ ಮೇಲೆ ಹೊಲ ಅಚ್ಚುಕಟ್ಟು ಪ್ರದೇಶದಲ್ಲಿದ್ದರೆ ಸಾಕಿತ್ತು. ಹೊಲಗಾಲುವೆ ಆಗಿಲ್ಲದವನಿಗೂ, ನೀರು ಕಾಣದ ಕೊನೆಯ ಹೊಲದವನಿಗೂ, ನೀರು ನಿಂತು ನೆಲ ಸವುಳಾದವನಿಗೂ ನೋಟಿಸು ಮುಟ್ಟಿತು. ಅಷ್ಟರಲ್ಲಿ ಹತ್ತಿಯ ಬೆಲೆ ನೆಲಕಚ್ಚಿತು. ರೈತರು ಮನವಿ ಕೊಟ್ಟರು, ಸಭೆ ಸೇರಿದರು, ಧರಣಿ ಕೂತರು. ಆ ಮಾತು ಮೇಲಿನವರೆಗೆ ಹೋಗಲಿಲ್ಲ, ಹೋಗಿದ್ದರೆ ಅದಕ್ಕೆ ಉತ್ತರ ಬರಲಿಲ್ಲ. 1980ರ ಜುಲೈ 21ರಂದು ಬಂದ್ ನಡೆದು ಗೋಲಿಬಾರ್ ಆಯಿತು. ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಕಳೆದುಕೊಂಡರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಆರ್. ಗುಂಡೂರಾವ್ ಸರ್ಕಾರ ಕರ ವಸೂಲಿಯನ್ನು ತಡೆಹಿಡಿಯಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಜುಲೈ 21 ಇಂದಿಗೂ ರೈತ ಹುತಾತ್ಮ ದಿನ.

ಇದನ್ನು ನಾವು ಚಳವಳಿಯ ಇತಿಹಾಸವಾಗಿ ಓದುತ್ತೇವೆ, ಓದಬೇಕಾದದ್ದೇ. ಅದರ ಜೊತೆಗೆ ಇದು ಆಡಳಿತದ ಪಾಠವೂ ಹೌದು. ಹೊಲಕ್ಕೆ ನೀರು ಬಂದಿದೆಯೇ ಎಂಬುದು ಕಾಲುವೆಯ ನೀರು ಬಿಡುವ ಸೌಡಿಗೆ ಗೊತ್ತಿತ್ತು, ತಲಾಠಿಗೆ ಗೊತ್ತಿತ್ತು, ಊರ ಕಟ್ಟೆಯ ಮೇಲೆ ಕೂತ ಎಲ್ಲರಿಗೂ ಗೊತ್ತಿತ್ತು. ಕರ ನಿಗದಿ ಮಾಡಿದ ಕಾಗದಕ್ಕೆ ಗೊತ್ತಿರಲಿಲ್ಲ. ಕೆಳಗಿನವನಿಗೆ ತಿಳಿದ ಸತ್ಯ ಮೇಲಕ್ಕೆ ಏರುವ ದಾರಿ ಆ ಇಲಾಖೆಗಳಲ್ಲಿ ಇರಲೇ ಇಲ್ಲ. ಅದೇ 1980ರಲ್ಲಿ ಅಮೆರಿಕದ ರಾಜಕೀಯ ವಿಜ್ಞಾನಿ ಮೈಕೆಲ್ ಲಿಪ್ಸ್ಕಿ ಒಂದು ಪುಸ್ತಕ ಪ್ರಕಟಿಸಿದರು. ಸರ್ಕಾರದ ನೀತಿ ಎಂದರೆ ಕಾಯ್ದೆಯಲ್ಲಿ ಬರೆದದ್ದಷ್ಟೇ ಎಂದುಕೊಳ್ಳಬೇಡಿ, ಜನರ ಎದುರು ಕೂರುವ ಪೊಲೀಸ, ಶಿಕ್ಷಕ, ಗುಮಾಸ್ತ ದಿನಾ ಮಾಡುವ ತೀರ್ಮಾನಗಳೇ ಜನರ ಪಾಲಿಗೆ ನೀತಿಯಾಗುತ್ತವೆ ಎಂಬುದು ಅವರ ವಾದದ ತಿರುಳು. ನಮ್ಮ ರೈತನಿಗೆ ಅದು ಹೊಸ ಮಾತಲ್ಲ. ಅವನಿಗೆ ಸರ್ಕಾರ ಎಂದರೆ ಎಂದಿನಿಂದಲೂ ತಲಾಠಿಯೇ.

ಅಂಥ ತಲಾಠಿಯ ದಫ್ತರವನ್ನು ಬದಲಿಸಲು ಹೊರಟದ್ದು 'ಭೂಮಿ' ಯೋಜನೆ. ಭಾರತದ ಸರ್ಕಾರಿ ಕಚೇರಿಗಳಲ್ಲಿ ನಡೆದ ಬದಲಾವಣೆಗಳಲ್ಲಿ ಇಷ್ಟು ಆಳಕ್ಕೆ ಇಳಿದದ್ದು ಕಡಿಮೆ. ಅದು ನಡೆದ ಬಗೆಯನ್ನು ಬಿಡಿಸಿ ನೋಡಬೇಕು.

ಉತಾರ, ಅಂದರೆ ಪಹಣಿ, ಹದಿನಾರು ಕಾಲಂಗಳ ಒಂದು ಹಾಳೆ. ಹೊಲದ ವಿಸ್ತೀರ್ಣ, ಮಣ್ಣು, ಒಡೆಯನ ಹೆಸರು, ಆ ಒಡೆತನ ಬಂದ ಬಗೆ, ಬ್ಯಾಂಕಿನ ಬೋಜಾ, ಬೆಳೆ ಎಲ್ಲ ಅದರಲ್ಲಿರುತ್ತದೆ. ರಾಜ್ಯದಲ್ಲಿ ಇಂಥ ಸುಮಾರು ಎರಡು ಕೋಟಿ ದಾಖಲೆಗಳಿದ್ದವು, ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದವು. ಇವನ್ನು ಕಾಯುತ್ತಿದ್ದವರು ಸುಮಾರು 9,000 ಗ್ರಾಮಲೆಕ್ಕಿಗರು, ಅಂದರೆ ನಮ್ಮ ಕಡೆಯ ತಲಾಠಿಗಳು. ಒಬ್ಬೊಬ್ಬರ ಬಳಿ ಮೂರು ನಾಲ್ಕು ಊರು. ದಫ್ತರ ಅವರ ಕೈಯಲ್ಲಿ, ಕೆಲವೊಮ್ಮೆ ಅವರ ಮನೆಯಲ್ಲಿ. ಅವರು ಸಿಕ್ಕ ದಿನ ಉತಾರ, ಸಿಗದಿದ್ದರೆ ಇಲ್ಲ. ವಾರಸಾ ಮಾಡಿಸಬೇಕೆಂದರೆ, ವಾಟ್ನಿ ಆಗಿ ಅಣ್ಣತಮ್ಮಂದಿರ ಹೆಸರು ಬೇರೆ ಬೇರೆ ಕೂರಿಸಬೇಕೆಂದರೆ, ಅರ್ಜಿ ಕೊಟ್ಟ ಮೇಲೆ ಅದು ಎಲ್ಲಿದೆ ಎಂದು ಕೇಳುವುದಕ್ಕೂ ಕೈ ಬೆಚ್ಚಗೆ ಮಾಡಬೇಕಿತ್ತು. ಬರೆದದ್ದನ್ನು ತಿದ್ದಿದರೆ, ಅಳಿಸಿದರೆ ಕೇಳುವವರಿರಲಿಲ್ಲ.

ಕಂಪ್ಯೂಟರಿಗೆ ಹಾಕುವ ಪ್ರಯತ್ನ ಮೊದಲೂ ನಡೆದಿತ್ತು. 1980ರ ದಶಕದ ಕೊನೆಗೆ ಕೇಂದ್ರದ ಯೋಜನೆಯಡಿ ಗುಲ್ಬರ್ಗ ಜಿಲ್ಲೆಯಲ್ಲಿ ಶುರುವಾದ ಪ್ರಯೋಗ ಕೈಗೂಡಲಿಲ್ಲ. ದಾಖಲೆಯನ್ನು ಒಮ್ಮೆ ಒಳಗೆ ಹಾಕಿದರು, ಆಮೇಲೆ ಬಂದ ಬದಲಾವಣೆಗಳನ್ನು ಸೇರಿಸಲಿಲ್ಲ. ಜನ ಸಾಯುತ್ತಾರೆ, ಮಕ್ಕಳು ಪಾಲಾಗುತ್ತಾರೆ, ಹೊಲ ಮಾರುತ್ತಾರೆ. ಒಂದು ವರ್ಷ ಬಿಟ್ಟರೆ ಒಳಗಿನ ದಾಖಲೆಗೂ ಹೊರಗಿನ ಹೊಲಕ್ಕೂ ಸಂಬಂಧ ಉಳಿಯುವುದಿಲ್ಲ. ತಲಾಠಿ ತನ್ನ ದಫ್ತರದಲ್ಲಿ ಬರೆಯುತ್ತಲೇ ಇದ್ದ, ಜನ ಅವನ ಬಳಿಯೇ ಹೋಗುತ್ತಿದ್ದರು.

ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ ಕಂದಾಯ ಇಲಾಖೆಯ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಈ ಕೆಲಸ ಹಿಡಿದಾಗ ಮಾಡಿದ ಮುಖ್ಯ ತೀರ್ಮಾನ ಹಳೆಯ ದಾರಿ ಮುಚ್ಚುವುದು. ಒಂದು ತಾಲ್ಲೂಕಿನಲ್ಲಿ ಭೂಮಿ ಕೇಂದ್ರ ತೆರೆದ ದಿನದಿಂದ ಅಲ್ಲಿ ಕೈಬರಹದ ಉತಾರಕ್ಕೆ ಕಾನೂನಿನ ಬೆಲೆ ಇಲ್ಲ. ಎರಡೂ ಜೊತೆಯಲ್ಲಿ ನಡೆಯಲಿ, ಜನಕ್ಕೆ ರೂಢಿಯಾಗಲಿ ಎಂದಿದ್ದರೆ ಹಳೆಯದೇ ಗೆಲ್ಲುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಚೇರಿಗಳಲ್ಲಿ ಇಂದಿಗೂ ಎಷ್ಟೋ 'ಆನ್‌ಲೈನ್' ಸೇವೆಗಳು ಹೀಗೇ ಸೋಲುತ್ತಿವೆ. ಅರ್ಜಿ ಆನ್‌ಲೈನಿನಲ್ಲಿ ಹಾಕಿ, ಅದರ ಪ್ರಿಂಟ್ ತೆಗೆದು, ಅದನ್ನು ಕೈಯಾರೆ ಕೊಟ್ಟು ಬನ್ನಿ ಎನ್ನುತ್ತಾರೆ.

ಹಳೆಯ ದಾರಿ ಮುಚ್ಚುವ ಮುನ್ನ ಬಹಳ ಸಿದ್ಧತೆ ನಡೆದಿತ್ತು. ದಾಖಲೆ ಸೇರಿಸುವ ಕೆಲಸ ಬೆಂಗಳೂರಿನಲ್ಲಿ ನಡೆಯಲಿಲ್ಲ, ತಾಲ್ಲೂಕುಗಳಲ್ಲೇ ನಡೆಯಿತು. ಅಚ್ಚಾದ ಹಾಳೆಗಳನ್ನು ಆಯಾ ಗ್ರಾಮಲೆಕ್ಕಿಗರೇ ತಮ್ಮ ದಫ್ತರಕ್ಕೆ ತಾಳೆ ನೋಡಿ ಸಹಿ ಹಾಕಬೇಕಿತ್ತು. ರಾಜ್ಯ ಮಟ್ಟದಲ್ಲಿ 12 ಕಾರ್ಯಾಗಾರಗಳು ನಡೆದು 1,200ರಷ್ಟು ಅಧಿಕಾರಿಗಳು ಕೂತು ಮಾತಾಡಿದರು. ಮುಖ್ಯಮಂತ್ರಿಯಿಂದ ಶಾಸಕರವರೆಗೆ ಇದರ ಹಿಂದೆ ನಿಂತರು. ಕಂಪ್ಯೂಟರಿನ ಮುಂದೆ ಕೂರಲು ಹೊರಗಿನವರನ್ನು ತರದೆ ಗ್ರಾಮಲೆಕ್ಕಿಗರನ್ನೇ ಆರಿಸಿ ತರಬೇತಿ ಕೊಟ್ಟರು. ಅವರು ಬೆರಳಚ್ಚು ಕೊಟ್ಟೇ ಯಂತ್ರ ತೆರೆಯಬೇಕು. ಹಾಗಾಗಿ ಯಾರು ಏನು ಬದಲಿಸಿದರು ಎಂಬುದು ದಾಖಲಾಗುತ್ತದೆ. ಅರ್ಜಿಗಳು ಬಂದ ಸರತಿಯಲ್ಲೇ ಹೋಗಬೇಕು, ಹಿಂದಿನದನ್ನು ಮುಂದೆ ತಂದರೆ ಕಾರಣ ಬರೆಯಬೇಕು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಣ್ಣ ಏರ್ಪಾಡು. ಕಿಟಕಿಯಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆ ತಿರುಗಿಸಿ ಇಟ್ಟಿದ್ದರು. ಒಳಗೆ ಕೂತವನು ಬರೆಯುವುದನ್ನು ಹೊರಗೆ ನಿಂತವನು ನೋಡಬಹುದಿತ್ತು. ತಲೆಮಾರುಗಳಿಂದ ರೈತ ದಫ್ತರವನ್ನು ತಲೆಕೆಳಗಾಗಿ, ಮೇಜಿನ ಆಚೆಯಿಂದ ಕತ್ತು ಚಾಚಿ ನೋಡಿದ್ದ.

ಉತಾರಕ್ಕೆ 15 ರೂಪಾಯಿ ಶುಲ್ಕ ಇಟ್ಟರು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಆರಂಭವಾದ ಈ ಕಿಟಕಿ ಕೆಲವೇ ವರ್ಷಗಳಲ್ಲಿ ರಾಜ್ಯದ 177 ಕೇಂದ್ರಗಳನ್ನು ಮುಟ್ಟಿತು. ಚಾವ್ಲಾ ಒಂದು ವರ್ಷಕ್ಕೂ ಮೇಲ್ಪಟ್ಟು ದಿನಕ್ಕೆ ಹದಿನೈದು ಗಂಟೆ ದುಡಿದರು ಎಂಬುದನ್ನು ವಿಶ್ವಬ್ಯಾಂಕಿನ ಅಧ್ಯಯನವೂ ದಾಖಲಿಸಿದೆ. ದುಡಿಮೆಯಷ್ಟೇ ಮುಖ್ಯವಾದದ್ದು ಅವರು ಆ ಜಾಗದಲ್ಲಿ ಉಳಿದದ್ದು. ಕೆಲಸ ಅರ್ಧಕ್ಕೆ ಬಂದಾಗ ವರ್ಗವಾಗಿ ಹೋಗಿದ್ದರೆ ಗುಲ್ಬರ್ಗದ ಕಥೆಯೇ ಮತ್ತೆ ನಡೆಯುತ್ತಿತ್ತು. ನಮ್ಮ ಭಾಗದ ತಾಲ್ಲೂಕುಗಳಲ್ಲಿ ತಹಶೀಲ್ದಾರರು ಊರುಗಳ ಹೆಸರು ಕಲಿಯುವಷ್ಟರಲ್ಲಿ ವರ್ಗದ ಆದೇಶ ಬರುವುದನ್ನು ಎಷ್ಟು ಸಲ ನೋಡಿಲ್ಲ?

ಫಲ ಏನಾಯಿತು? ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಸಮೀಕ್ಷೆಯಲ್ಲಿ ಹಳೆಯ ಪದ್ಧತಿಯಲ್ಲಿ ಉತಾರ ಪಡೆದವರಲ್ಲಿ ಶೇ 66ರಷ್ಟು ಜನ ಲಂಚ ಕೊಟ್ಟಿದ್ದಾಗಿ ಹೇಳಿದರು. ಭೂಮಿ ಕೇಂದ್ರದಲ್ಲಿ ಪಡೆದವರಲ್ಲಿ ಅದು ಶೇ 3ಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಅದೇ ಸಮೀಕ್ಷೆಯಲ್ಲಿ ತಪ್ಪಿಲ್ಲದ ಉತಾರ ಸಿಕ್ಕಿತೆಂದವರು ಸುಮಾರು ಮುಕ್ಕಾಲು ಪಾಲು. ಉಳಿದ ಕಾಲು ಪಾಲಿನಲ್ಲಿ ನಮ್ಮ ಅಜ್ಜಿಯಂಥವರಿದ್ದರು.

ಬೇರೆ ಕೊರತೆಗಳೂ ಇದ್ದವು. ದಫ್ತರ ಊರಿನಿಂದ ತಾಲ್ಲೂಕಿಗೆ ಹೋದದ್ದರಿಂದ ರೈತನೂ ತಾಲ್ಲೂಕಿಗೆ ಹೋಗಬೇಕಾಯಿತು. ಗಜೇಂದ್ರಗಡದ ಗುಡ್ಡದ ಅಂಚಿನ ಊರಿನವನು ಒಂದು ಹಾಳೆಗಾಗಿ ಒಂದು ದಿನದ ಕೂಲಿ ಬಿಟ್ಟು ರೋಣಕ್ಕೆ ಬಸ್ಸು ಹತ್ತಬೇಕಿತ್ತು. ಬೆಂಗಳೂರಿನ ಸುತ್ತಮುತ್ತ ಇದೇ ಕಂಪ್ಯೂಟರ್ ದಾಖಲೆ ದೊಡ್ಡ ಖರೀದಿದಾರರಿಗೆ ಭೂಮಿ ಹುಡುಕಲು ಅನುಕೂಲವಾಯಿತು ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದರು. ಆ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಉತಾರದ ಪ್ರತಿ ಕೊಡುವಲ್ಲಿ ಲಂಚ ನಿಂತರೂ ವಾರಸಾ, ಪೋಡಿ, ತಿದ್ದುಪಡಿಗಳಲ್ಲಿ ಅದು ಪೂರ್ತಿ ಹೋಗಿಲ್ಲ ಎಂಬುದನ್ನು ಈ ಕೆಲಸಕ್ಕೆ ಅಲೆದವರೆಲ್ಲ ಬಲ್ಲರು. ಯಂತ್ರ ಮಾಡಬಹುದಾದ ಕೆಲಸದಿಂದ ಮನುಷ್ಯನ ಹಿಡಿತ ತಪ್ಪಿತು. ಮನುಷ್ಯನೇ ತೀರ್ಮಾನಿಸಬೇಕಾದ ಕಡೆ ಅದು ಉಳಿಯಿತು. ಆ ಉಳಿಕೆಗೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಬಂದ 'ಸಕಾಲ' ಒಂದು ಮದ್ದು. ಅರ್ಜಿಗೆ ಒಂದು ನಂಬರು, ಸೇವೆಗೆ ಒಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. 11 ಇಲಾಖೆಗಳ 151 ಸೇವೆಗಳಿಂದ ಅದು ಆರಂಭವಾಯಿತು. ಹಣಕ್ಕಿಂತ ಆ ನಂಬರು ದೊಡ್ಡದು. ಅರ್ಜಿ ಕೊಟ್ಟೇ ಇಲ್ಲ ಎನ್ನುವ ಮಾತಿಗೆ ಅದು ಅವಕಾಶ ಕೊಡುವುದಿಲ್ಲ.

ಈಗ ಗಜೇಂದ್ರಗಡಕ್ಕೆ ಬರೋಣ. 1997ರಲ್ಲಿ ಧಾರವಾಡದಿಂದ ಗದಗ ಬೇರೆ ಜಿಲ್ಲೆಯಾಯಿತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಗಜೇಂದ್ರಗಡವೂ ಒಂದು, ರೋಣದಿಂದ ಒಡೆದು ಆದದ್ದು. ಊರಿನವರಿಗೆ ಅದು ಬಹುಕಾಲದ ಬೇಡಿಕೆ. ಆದರೆ ತಾಲ್ಲೂಕು ಎಂದು ಬೋರ್ಡು ಬರೆಸಿದ ಮಾತ್ರಕ್ಕೆ ತಾಲ್ಲೂಕು ಆಗುವುದಿಲ್ಲ. ಹಳೆಯ ದಾಖಲೆಗಳು ಯಾವ ಅಭಿಲೇಖಾಲಯದಲ್ಲಿರಬೇಕು, ಭೂಮಾಪಕರು ಎಷ್ಟು ಜನ ಬರುತ್ತಾರೆ, ಯಾವ ಇಲಾಖೆ ಇಲ್ಲಿಗೆ ಬಂತು, ಯಾವುದು ರೋಣದಲ್ಲೇ ಉಳಿಯಿತು, ಇವು ಘೋಷಣೆಯ ದಿನ ಕೇಳಿಸದ ಪ್ರಶ್ನೆಗಳು. ಹೊಸ ತಾಲ್ಲೂಕು ಎಂದರೆ ಹೊಸ ಸಂಸ್ಥೆಯನ್ನು ಕಟ್ಟಿದ ಹಾಗೆ. ಹುದ್ದೆ ತುಂಬದೆ ತಾಲ್ಲೂಕು ಮಾಡುವುದು ಎತ್ತಿಲ್ಲದೆ ಚಕ್ಕಡಿ ಕೊಂಡಂತೆ.

ಈ ತಾಲ್ಲೂಕಿನ ಸೂಡಿಗೆ ಹೋದಾಗಲೆಲ್ಲ ಒಂದು ಶಾಸನದ ವಿಷಯ ನೆನಪಿಗೆ ಬರುತ್ತದೆ. ಹನ್ನೊಂದನೆಯ ಶತಮಾನದ ನಡುವೆ ಕಿಸುಕಾಡು ನಾಡನ್ನು ಆಳುತ್ತಿದ್ದವಳು ಚಾಲುಕ್ಯರ ಅಕ್ಕಾದೇವಿ. ಚೋಳರೊಡನೆ ನಡೆದ ಯುದ್ಧದಲ್ಲಿ ಸೂಡಿಯ ಪಟ್ಟಣದ ವ್ಯವಸ್ಥೆ ಕೆಟ್ಟುಹೋಗಿತ್ತು. ಅಲ್ಲಿನ ಎಂಟು ಸೆಟ್ಟಿಗಳು, ಎಂಬತ್ತು ಒಕ್ಕಲುಗಳಿಗೆ ಅವರ ಕಟ್ಟಳೆಯನ್ನು ಮತ್ತೆ ಕಟ್ಟಿಕೊಟ್ಟದ್ದನ್ನು ಶಾಸನ ಹೇಳುತ್ತದೆ. ಯಾರಿಗೆ ಏನು ಹೊಣೆ, ಏನು ಹಕ್ಕು ಎಂಬುದನ್ನು ಕಲ್ಲಿನಲ್ಲಿ, ಎಲ್ಲರೂ ನೋಡುವ ಜಾಗದಲ್ಲಿ ನಿಲ್ಲಿಸಿದರು. ರೈತನ ಕಡೆ ತಿರುಗಿಸಿದ ಆ ಎರಡನೆಯ ಪರದೆಗೂ ಈ ಕಲ್ಲಿಗೂ ನಡುವೆ ಸಾವಿರ ವರ್ಷದಷ್ಟು ಅಂತರವಿದ್ದರೂ ಕೆಲಸ ಒಂದೇ.

ಇಂದಿನ ತಲಾಠಿಯ ಸ್ಥಿತಿಯನ್ನೂ ಹೇಳದೆ ಈ ಮಾತು ಪೂರ್ತಿಯಾಗದು. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ದಫ್ತರದ ಬದಲು ಕೈಯಲ್ಲಿ ಮೊಬೈಲು. ಬೆಳೆ ಸಮೀಕ್ಷೆಗೆ ಒಂದು ಆ್ಯಪ್, ಉತಾರಕ್ಕೆ ಆಧಾರ್ ಜೋಡಿಸಲು ಒಂದು, ಸರ್ಕಾರಿ ಜಮೀನು ಕಾಯುವ ಲ್ಯಾಂಡ್ ಬೀಟ್‌ಗೆ ಒಂದು, ಬಗರ್ ಹುಕುಂಗೆ ಇನ್ನೊಂದು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ಅವರು ಮುಷ್ಕರಕ್ಕೆ ಕೂತಾಗ ಮುಖ್ಯ ಬೇಡಿಕೆ ಇದೇ ಆಗಿತ್ತು: ಹತ್ತಾರು ಆ್ಯಪ್‌ಗಳ ಕೆಲಸ ಹೇರಿದ್ದೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್ನೆಟ್ಟು ಕೊಡಿ, ಕೂರಲು ಜಾಗ ಕೊಡಿ. ಎರಿ ನೆಲದಲ್ಲಿ ಮಳೆಯಾದರೆ ಮೊಣಕಾಲಿನವರೆಗೆ ರಾಡಿ. ಅದರಲ್ಲಿ ನಡೆದು ಹೋಗಿ, ನೆಟ್‌ವರ್ಕ್ ಸಿಗದ ಹೊಲದಲ್ಲಿ ನಿಂತು ಫೋಟೊ ಏರಿಸಬೇಕಾದವರ ಅಳಲು ಅದು. ಅದನ್ನು ಸೋಮಾರಿಗಳ ತಕರಾರು ಎಂದವರನ್ನು ಕಂಡು ನನಗೆ ಬೇಸರವಾಯಿತು. ಭೂಮಿ ಯೋಜನೆ ಗೆದ್ದದ್ದು ಗ್ರಾಮಲೆಕ್ಕಿಗರನ್ನು ಕೂರಿಸಿ, ಕಲಿಸಿ, ಅವರಿಂದಲೇ ಸಹಿ ಹಾಕಿಸಿ. ಈಗಿನ ಆ್ಯಪ್‌ಗಳು ಅವರನ್ನು ಕೇಳದೆಯೇ ಅವರ ಕೈಗೆ ಬಂದಿವೆ. ನರಗುಂದದ ಹೊಲದಲ್ಲಿ ನೀರಿಲ್ಲ ಎಂಬ ಸತ್ಯ ಮೇಲೆ ಏರದೆ ಉಳಿದದ್ದು ಇಂಥ ಕಿವುಡಿನಿಂದಲೇ.

ರಾಜ್ಯ ಸರ್ಕಾರ 2024ರಿಂದ 'ಭೂ ಸುರಕ್ಷಾ' ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಆಗಲೇಬೇಕಾದ ಕೆಲಸ. ಗೆದ್ದಲು ತಿಂದ, ಮಡಿಕೆಯಲ್ಲಿ ಹರಿದ ಹಾಳೆಗಳು ಇನ್ನು ಹತ್ತು ವರ್ಷ ಬಾಳುವುದಿಲ್ಲ. ಇದರ ಜೊತೆಗೆ ಸರ್ಕಾರಕ್ಕೆ ಎರಡು ವಿನಂತಿ. ಸ್ಕ್ಯಾನ್ ಆದ ಪುಟಗಳನ್ನು ಓದಬಲ್ಲ ಹಳೆಯ ತಲಾಠಿಗಳು, ಮೋಡಿ ಲಿಪಿ ಬಲ್ಲ ಹಿರಿಯರು ಇನ್ನೂ ನಮ್ಮ ಊರುಗಳಲ್ಲಿ ಇದ್ದಾರೆ. ಅವರನ್ನು ಕರೆದು ಕೂರಿಸಿ. ಹಾಗೆಯೇ ಮುಂದಿನ ಯಾವ ಆ್ಯಪ್ ಬಂದರೂ ಅದನ್ನು ಮೊದಲು ಒಂದು ಮಳೆಗಾಲ ರೋಣದ ಎರಿ ಹೊಲದಲ್ಲಿ ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಕೈಯಲ್ಲಿ ಇಟ್ಟು ನೋಡಿ, ಆಮೇಲೆ ಆದೇಶ ಹೊರಡಿಸಿ.

ಓದುಗರಲ್ಲಿ ಒಂದು ಕೇಳಿಕೆ. ಮುಂದಿನ ಸಲ ನಾಡಕಚೇರಿಗೋ ಪಂಚಾಯ್ತಿಗೋ ಹೋದಾಗ ನಿಮ್ಮ ಹೊಲದ ಉತಾರ ತೆಗೆಸಿ, ಕಿಟಕಿಯ ಮುಂದೆಯೇ ನಿಂತು ಓದಿ. ಹೆಸರಿನ ಕೊನೆಯ ಅಕ್ಷರ ನೋಡಿ. ತೀರಿಸಿದ ಸಾಲ ಇನ್ನೂ 11ನೇ ಕಾಲಂನಲ್ಲಿ ಕೂತಿದೆಯೇ ನೋಡಿ. ತೀರಿಹೋದ ತಂದೆಯ, ಅಜ್ಜನ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ, ಸಕಾಲದ ನಂಬರು ಬರೆಸಿಕೊಳ್ಳಿ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರ ಪಕ್ಕ ಕೂತು ಅವರ ಉತಾರವನ್ನು ಜೋರಾಗಿ ಓದಿ ಹೇಳಿ.

ನಮ್ಮ ಅಜ್ಜಿಯ ಉತಾರ ತಿದ್ದಿದ ಆ ತಲಾಠಿ ನಿವೃತ್ತರಾಗಿ ಬಹಳ ವರ್ಷವಾಯಿತು. ಅಜ್ಜಿಯೂ ಈಗಿಲ್ಲ. ಹೊಲ ಈಗ ಅವಳ ಮೂವರು ಹೆಣ್ಣುಮಕ್ಕಳ ಹೆಸರಿನಲ್ಲಿದೆ. ಮೂರೂ ಹೆಸರು ಸರಿಯಾಗಿವೆ.